ಮೂವತ್ತೆರಡನೆಯ ಅನುಭವ

"ಕೇಳ್ರಿ, ಇದನ್ನ ಕೇಳ್ರಿ," ಎಂದು ತರಬೇತಿ ಕೊಡುತ್ತಿದ್ದ ಮಿಲಿಂದ ಸರ್ ಇನ್ನೊಂದು ಪುಟ ಎತ್ತಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ದ್ರಾಕ್ಷಿಯ ಕಥೆಗೇ ಬಂದರು. ಮಗ್ಗಿ ಬಾರದ ಕುನಾಲನೆಂಬ ಹುಡುಗ ತೋಟದಲ್ಲಿ ದ್ರಾಕ್ಷಿ ಗೊಂಚಲು ಎಣಿಸುತ್ತ ಎಣಿಸುತ್ತ ಒಂದೇ ಮಧ್ಯಾಹ್ನದಲ್ಲಿ ಗುಣಾಕಾರ ಕಲಿತು, ಶಿಕ್ಷಕರ ಕೈ ಹಿಡಿದು ಕಣ್ಣೀರು ಹಾಕಿದ ಕಥೆ. ಬೆಳಗಿನಿಂದ ಅದು ಏಳನೆಯ ಸಲ.

ಘೋಣಸಗಿ ಶಾಲೆಯ ರೂಪಾಲಿ ಟೀಚರ್ ಕೊನೆಯ ಬೆಂಚಿನಲ್ಲಿ ಕೂತು ಮೂಗು ಮುರಿದಳು. ವಿಜಯಪುರದ ಈ ತರಬೇತಿಗೆ ತಿಕೋಟಾ, ಬಬಲೇಶ್ವರ ಕಡೆಯ ಮೂವತ್ತೆರಡು ಶಾಲೆಗಳಿಂದ ಒಬ್ಬೊಬ್ಬರನ್ನು ಕರೆಸಿದ್ದರು. ತರಗತಿಯಲ್ಲಿ ತಾವೇ ಕಂಡ ಒಂದು ಗಳಿಗೆಯನ್ನು ನಡೆದದ್ದು ನಡೆದಂತೆ ಒಂದು ಪುಟದಲ್ಲಿ ಬರೆಯಬೇಕು. ಅವನ್ನೆಲ್ಲ ಓದಿ, ಮಕ್ಕಳು ಹೇಗೆ ಕಲಿಯುತ್ತಾರೆಂದು ಮಿಲಿಂದ ಸರ್ ಕಂಡುಹಿಡಿದು ಪುಸ್ತಕ ಮಾಡುತ್ತಾರೆ. ಬಿಜ್ಜರಗಿಯ ಅಯೂಬ ಮಾಸ್ತರರು ತಮ್ಮದನ್ನು ಬರೆದು ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಡ, ಉಳಿದವರಿಗೆ ಅನುಭವವೇ ಬೇಡವಾಯಿತು. ಊರಿನ ಹೆಸರು ಬದಲಿಸಿದರು, ಅಷ್ಟೆ. ಜಾಣರು ದ್ರಾಕ್ಷಿ ತೆಗೆದು ನಿಂಬೆ ಹಾಕಿದರು. ಹುಡುಗನ ಹೆಸರು ಬದಲಿಸುವಷ್ಟು ಪುರಸತ್ತು ಯಾರಿಗೂ ಇರಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ "ಕಾಪಿ ಹೊಡೀಬ್ಯಾಡ್ರಲೇ" ಎಂದು ಗದರಿಸಿದ ಜನ ಇವರು. ಥೂ, ಎನಿಸಿತು ಅವಳಿಗೆ.

"ಎಷ್ಟ ಸಾಲಿಯೊಳಗ ಒಂದೇ ಅನುಭವ ಐತಿ ನೋಡ್ರಿ! ಇದಕ್ಕ ಸಂಶೋಧನಾ ಅಂತಾರ," ಎಂದರು ಮಿಲಿಂದ ಸರ್. "ಇನ್ನೊಂದ ಮಾತು. ಹುಡುಗರ ಖರೇ ಹೆಸರು ಬರೀಬ್ಯಾಡ್ರಿ ಅಂತ ಹೇಳಿದ್ದೆ. ನೀವೆಲ್ಲಾ ಮಾತಾಡಿಕೊಂಡು ಕುನಾಲ ಅಂತ ಒಂದೇ ಹೆಸರು ಇಟ್ಟೀರಿ. ಶಾಬ್ಬಾಸ್!"

ಯಾರೂ ನಗಲಿಲ್ಲ. ಎಲ್ಲರೂ ವಿನಯದಿಂದ ತಲೆ ತಗ್ಗಿಸಿದರು. ಓದಿ ಓದಿ ಮರುಳಾದ ಕೂಚಂಭಟ್ಟ ಎಂದರೆ ಈ ಮನುಷ್ಯನೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಅವರು ರೂಪಾಲಿಯ ಪುಟ ಎತ್ತಿಕೊಂಡರು.

ಅವಳು ಬರೆದದ್ದು ನಡೆದದ್ದೇ. ಐದನೆಯ ತರಗತಿಯ ರುಕ್ಸಾರಳ ಅಕ್ಷರ ಮುತ್ತಿನಂಥದು. ಎರಡು ವರ್ಷ ರೂಪಾಲಿ ಅವಳ ಪುಟಪುಟಕ್ಕೂ ಕೆಂಪು ಪೆನ್ನಿನಲ್ಲಿ ರೈಟ್ ಹಾಕಿ, ಪ್ರಗತಿ ಪತ್ರದಲ್ಲಿ 'ಓದು: ಉತ್ತಮ' ಎಂದು ರುಜು ಮಾಡಿದ್ದಳು. ರೈಟ್ ಹಾಕುವವಳಿಗೆ ಪುಟ ನೋಡುವ ರೂಢಿ ಇರಲಿಲ್ಲ. ಹೋದ ತಿಂಗಳು ನೋಡಿದರೆ ಪ್ರತಿ ಪುಟದ ಬಲಕ್ಕೂ ಒಂದು ಸೊಟ್ಟ ಗೆರೆ. ಇದೇನೆಂದು ಕೇಳಿದಾಗ ಹುಡುಗಿ ಕರಿಹಲಗೆಯ ಕಡೆ ಬೆರಳು ತೋರಿಸಿದಳು. ಗೋಡೆಗೆ ಬಳಿದ ಆ ಹಲಗೆಯಲ್ಲಿ ಮೇಲಿನಿಂದ ಕೆಳಗೆ ಇಳಿದ ಬಿರುಕು. ಅದೂ ಟೀಚರ್ ಬರೆದದ್ದೇ ಎಂದುಕೊಂಡು ಅದನ್ನೂ ಬರೆಯುತ್ತಿದ್ದಳು. ಅವಳಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಈ ಮಗು ಆರನೆಯ ತರಗತಿಗೆಂದು ತಿಕೋಟಾಕ್ಕೆ ಹೋಗುವ ಮೊದಲು ಓದು ಕಲಿಸಲು ತನಗೆ ದಿನಕ್ಕೊಂದು ತಾಸು ಬಿಡಿ ಎಂದು ಪುಟದ ಕೊನೆಗೆ ರೂಪಾಲಿ ಕೇಳಿಕೊಂಡಿದ್ದಳು.

"ಛಲೋ ಬರದೀರಿ. ಆದ್ರ ಇದರಾಗ ಕಲಿಕೆ ಎಲ್ಲೈತ್ರಿ?"

"ಇಲ್ರಿ ಸರ್. ಆಕಿ ಕಲತಿಲ್ಲ. ಅದನ್ನ ಬರದೇನಿ."

"ಮೂವತ್ತೊಂದು ಒಂದ ಕಡೆ, ನಿಮ್ಮದ ಒಂದು ಒಂದ ಕಡೆ. ಪುಸ್ತಕಕ್ಕ ಹ್ಯಾಂಗ ಹಾಕೂದು? ಕಡೀಕ ಹುಡುಗಿ ಓದಿದ್ಲು ಅಂತ ನಾಕ ಸಾಲು ಸೇರಸ್ರಿ. ಇಲ್ಲಂದ್ರ ಇದ್ದಂಗ ಆಫೀಸಿಗೆ ಕಳಸತೇನಿ. ಎರಡ ವರ್ಷ ರೈಟ್ ಹಾಕಿದವರನ್ನ ಅವರ ಕೇಳಲಿ."

ಪಕ್ಕದಲ್ಲಿದ್ದ ಅಯೂಬ ಮಾಸ್ತರರು ಅವಳ ಕಡೆ ವಾಲಿದರು. "ರೂಪಾಲಿ ಬಾಯಾರ, ರುಜು ನಿಮ್ಮದೈತಿ. ನೋಟೀಸ್ ಬಂದ್ರ ನಿಮಗೊಬ್ಬರಿಗೇ ಬರತೈತಿ. ಬರದ ಬಿಡ್ರಿ."

ಇಂಥವರಿಂದ ಬುದ್ಧಿ ಹೇಳಿಸಿಕೊಳ್ಳುವ ಗತಿ ಬಂತಲ್ಲ ಎಂದು ಅವಳಿಗೆ ಮೈ ಉರಿಯಿತು. ಎಲ್ಲರ ಮುಖಕ್ಕೂ ಉಗುಳುವಂಥ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಪೆನ್ನು ತೆಗೆದಳು. ಕೇಳಿಕೊಂಡಿದ್ದ ಸಾಲನ್ನು ಹೊಡೆದು ಹಾಕಿ, ಒಂದು ದಿನ ಆ ಹುಡುಗಿ ಎದ್ದು ನಿಂತು ಗಟ್ಟಿಯಾಗಿ ಓದಿದಳು, ನನ್ನ ಕೈ ಹಿಡಿದು ಕಣ್ಣೀರು ಹಾಕಿದಳು ಎಂದು ಬರೆದಳು. ಕಣ್ಣೀರು ಎಲ್ಲಿಂದ ಬಂತೆಂದು ಬರೆದ ಮೇಲೆ ಹೊಳೆಯಿತು. ಬೆಳಗಿನಿಂದ ಏಳು ಸಲ ಕೇಳಿದ್ದಳಲ್ಲ.

"ಈಗ ಪೂರ್ಣ ಆತು," ಎಂದರು ಮಿಲಿಂದ ಸರ್. "ಬರೂ ವಾರ ನಿಮ್ಮ ಸಾಲಿಗೆ ಬಂದು ಫೋಟೋ ತಗೀತೇವಿ. ಆ ಬೋರ್ಡ್ ಒಂದಿಷ್ಟ ಸರಿ ಮಾಡಸ್ರಿ."

ಶಾಲೆಗೆ ಮರಳಿದ ರೂಪಾಲಿ ತಾನೇ ಎದುರು ನಿಂತು ಬಿರುಕಿಗೆ ಸಿಮೆಂಟು ತುಂಬಿಸಿ, ಮೇಲೆ ಎರಡು ಸಲ ಕರಿ ಬಣ್ಣ ಬಳಿಸಿದಳು. ಬಣ್ಣ ಒಣಗಿದ ದಿನ ಹೊಸ ಸೀಮೆಸುಣ್ಣದಿಂದ ನಾಲ್ಕು ವಾಕ್ಯ ಬರೆದಳು. ಮಕ್ಕಳೆಲ್ಲ ತಲೆ ಬಗ್ಗಿಸಿ ಬರೆದುಕೊಂಡರು. ಎಲ್ಲರಿಗಿಂತ ಮೊದಲು ರುಕ್ಸಾರ ಎದ್ದು ಬಂದು ನೋಟ್‌ಬುಕ್ಕು ಚಾಚಿದಳು.

ನಾಲ್ಕು ವಾಕ್ಯವೂ ಮುತ್ತಿನಂತಿದ್ದವು. ಬಲಕ್ಕೆ, ಮೇಲಿನಿಂದ ಕೆಳಗೆ, ನಡುವೆ ಕೊಂಚ ಬಾಗಿದ ಅದೇ ಗೆರೆ ಇತ್ತು. ರೂಪಾಲಿ ತಿರುಗಿ ಹಲಗೆ ನೋಡಿದಳು. ಅಲ್ಲಿ ಬಿರುಕಿನ ಗುರುತೂ ಇರಲಿಲ್ಲ.

"ಇದು ಎಲ್ಲೈತೆವ್ವಾ ಬೋರ್ಡ್ ಮ್ಯಾಲ?"

"ಇಲ್ರಿ ಟೀಚರ್. ನೀವು ಬರ್ಯಾಕ ಮರತೀರಿ," ಎಂದಳು ರುಕ್ಸಾರ. ಮುಖ ಅರಳಿತ್ತು. "ನಂಗ ಬಾಯಿಪಾಠ ಬರತೈತ್ರಿ. ರೈಟ್ ಹಾಕ್ರಿ."

ರೂಪಾಲಿ ಆಗಲೇ ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದಳು. ಹುಡುಗಿ ನೋಟ್‌ಬುಕ್ಕನ್ನು ಇನ್ನಷ್ಟು ಹತ್ತಿರ ಹಿಡಿದಳು.