ಒಲಿಂಪಿಯಳ ಕೋಟೆಗೆ ಕಳ್ಳ ನುಗ್ಗಿದ್ದು

ಬೆಳಿಗ್ಗೆ ಒಲಿಂಪಿಯಳ ಬಾಣಲೆಯಲ್ಲಿ ಎಣ್ಣೆ ಕಾಯದಿದ್ದರೆ ನಮ್ಮ ಬೀದಿಯಲ್ಲಿ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಬಾನಿ ಊರಿನ ಈ ಭಾಗದಲ್ಲಿ ಅವಳು ಮಾಂಸ ತುಂಬಿ ಕರಿಯುವ ಎಂಪನಾಡ ತಿನ್ನದೆ ಕೆಲಸಕ್ಕೆ ಹೋಗುವವರು ಕಡಿಮೆ. ಆ ಬುಧವಾರ ಬಾಣಲೆ ತಣ್ಣಗಿತ್ತು. ಎದುರು ಮನೆಯವಳಾದ ನಾನು ಮನೆಯುಡುಪಿನಲ್ಲೇ, ಕೂದಲು ಗುಂಗುರಾಗಲೆಂದು ತಲೆಗೆ ಸುತ್ತಿದ ಸುರುಳಿಗಳನ್ನೂ ಬಿಚ್ಚದೆ ಓಡಿದೆ.

ಒಲಿಂಪಿಯ ಅಡುಗೆಮನೆಯಲ್ಲಿ ಫೋನು ಹಿಡಿದು ಕೂತಿದ್ದಳು. ಮುಖ ನೋಡಿದರೆ ಸಾವೇ ಆಗಿರಬೇಕು ಅನ್ನಿಸಿತು.

"ಯಾರು ಹೋದ್ರು?" ಎಂದೆ.

"ನನ್ನ ಕೋಟೆ ಹೋಯ್ತು ಕಣೆ," ಎಂದಳು.

ಕೋಟೆ ಎಂದರೆ ಫೋನಿನಲ್ಲಿ ಆಡುವ 'ಏಳು ಕೋಟೆ' ಎಂಬ ಆಟ. ಊರೂರಿನ ಜನ ಸೇರಿ ಪಡೆ ಕಟ್ಟಿಕೊಂಡು ಇನ್ನೊಂದು ಪಡೆಯ ಮೇಲೆ ಏರಿ ಹೋಗುವ ಆಟ. ಒಲಿಂಪಿಯ 'ಕಟ್ಟಿರುವೆಗಳು' ಎಂಬ ಪಡೆಗೆ ನಾಯಕಿ. ಮೊಮ್ಮಕ್ಕಳನ್ನು ಕಂಡವಳು, ಮಂಡಿ ನೋವಿನವಳು. ಆದರೆ ಸಂಜೆ ಎಂಪನಾಡದ ಹಿಟ್ಟು ನಾದಿಟ್ಟು ಕೈ ತೊಳೆದು ಕೂತಳೆಂದರೆ ಅವಳ ಅಪ್ಪಣೆಗೆ ಮೂರು ದೇಶದ ಜನ ಕುದುರೆ ಏರುತ್ತಿದ್ದರು. ಅವಳು ಅಪ್ಪಣೆ ಕೊಡುವ ರೀತಿಯೂ ಹಾಗೇ ಇತ್ತು. "ಏ ಸೋಮಾರಿ, ಬಾಗಿಲು ಕಾಯೋಕೆ ನಿನ್ನ ಅಜ್ಜಿ ಬರ್ತಾಳಾ?" ಎಂದು ಬೈದರೆ ಅದು ಪ್ರೀತಿ. ಬೈಯದಿದ್ದರೆ ಪಡೆಯವರು ಹೆದರುತ್ತಿದ್ದರು.

ಆ ಪಡೆಯಲ್ಲಿ ಅವಳ ತಂಗಿ ನಿಡಿಯಾ ಕೂಡ ಇದ್ದಳು. ಇದನ್ನು ಇಲ್ಲೇ ಹೇಳಿಬಿಡಬೇಕು. ನಿಡಿಯಾ ಇರುವುದು ಅಸುವಾದಲ್ಲಿ, ಬಸ್ಸು ಹತ್ತಿದರೆ ಒಂದು ನಿದ್ದೆಯಷ್ಟು ದೂರ. ಆದರೂ ಅಕ್ಕತಂಗಿಯರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಒಲಿಂಪಿಯಳ ಮಗಳ ಮದುವೆಗೆ ಕೇಕು ಮಾಡಿದವಳು ನಿಡಿಯಾ. ಅದನ್ನು ಬಾಯಿಗಿಟ್ಟು, ಬೀಗರ ಎದುರಿಗೇ, "ಒಣಗಿದೆ" ಎಂದವಳು ಒಲಿಂಪಿಯ. ಅಲ್ಲಿಗೆ ಮುಗಿಯಿತು. ಆಮೇಲೆ ಒಂದು ದಿನ 'ಅಸುವಾದ ಸಿಡಿಲು' ಎಂಬ ಹೆಸರಿನಲ್ಲಿ ಯಾರೋ ಪಡೆಗೆ ಸೇರಲು ಕೇಳಿಕೊಂಡರು. ಒಲಿಂಪಿಯಳಿಗೆ ಯಾರೆಂದು ಗೊತ್ತಾಯಿತು. ಏನೂ ಅನ್ನದೆ ಸೇರಿಸಿಕೊಂಡಳು. ಅಂದಿನಿಂದ ಇಬ್ಬರ ನಡುವೆ ಮಾತೆಂದರೆ, "ಬಿಲ್ಲುಗಾರರನ್ನು ಕಳಿಸು," "ಕಳಿಸಿದೆ," ಅಷ್ಟೇ. ಆದರೆ ಆ ಎರಡು ಮಾತು ದಿನವೂ ಇರುತ್ತಿತ್ತು.

"ಒಳಗೇ ಬಿಡ್ತಿಲ್ಲ. ಪಾಸ್‌ವರ್ಡ್ ತಪ್ಪು ಅಂತ ಹೇಳ್ತಿದೆ. ನನ್ನ ಮನೆಗೆ ನಾನೇ ಹೊರಗಿನವಳು," ಎಂದು ಒಲಿಂಪಿಯ ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

ಅವಳ ಗಂಡ ಪ್ಲಿನಿಯೊ ಬಾಗಿಲ ಬಳಿ ಕಾಫಿ ಹೀರುತ್ತಿದ್ದ. ಮೊದಲು ಬಸ್ಸು ಓಡಿಸುತ್ತಿದ್ದವನು, ಈಗ ಅಂಗಡಿಯ ಮುಂದಿನ ಡೊಮಿನೊ ಆಟದ ಮೇಜನ್ನು ಕಾಯುವವನು.

"ಆಟದ ಕೋಟೆ ಕದ್ದು ಯಾರಿಗೇನು ಸಿಗುತ್ತೆ?" ಎಂದ. "ಕಲ್ಲಿಲ್ಲ, ಗಾರೆ ಇಲ್ಲ. ಅದರಲ್ಲಿ ಒಂದು ಕೋಳಿ ಕೂಡ ಕಟ್ಟಕ್ಕಾಗಲ್ಲ. ಬಾಣಲೆ ಇಡು, ನಂಗೆ ಹಸಿವು."

ಒಲಿಂಪಿಯ ಅವನತ್ತ ನೋಡಿದ ನೋಟಕ್ಕೆ ನಾನಾಗಿದ್ದರೆ ಕಾಫಿ ಬಿಟ್ಟು ಓಡುತ್ತಿದ್ದೆ. ನಾನು ಓಡಿದ್ದು ಯುದೆಲ್ಕಳನ್ನು ಕರೆತರಲು. ಯುದೆಲ್ಕಳದು ಮೂಲೆಯಲ್ಲಿ ಕೂದಲು ನೇರ ಮಾಡುವ ಅಂಗಡಿ. ಅವಳೂ ಕಟ್ಟಿರುವೆಯೇ. ಹೋದ ವರ್ಷ ಅವಳ ಖಾತೆಗೂ ಕನ್ನ ಬಿದ್ದಿತ್ತು. ಅದು ಮತ್ತೆ ಸಿಗಲೇ ಇಲ್ಲ, ಹೊಸದು ತೆರೆದು ಪಡೆ ಸೇರಿಕೊಂಡಿದ್ದಳು. ಬಿಸಿ ಬಾಚಣಿಗೆ ಕೈಯಲ್ಲಿ ಹಿಡಿದೇ ಬಂದಳು.

"ಅಕ್ಕ, ಪಾಸ್‌ವರ್ಡ್ ಏನಿತ್ತು? ಹೇಗೂ ಹೋಗಿದೆ, ಹೇಳಿ."

ಒಲಿಂಪಿಯ ನಾಚಿಕೊಂಡಳು. "ಪ್ಲಿನಿಯೊ. ಬರೀ ಪ್ಲಿನಿಯೊ."

ಪ್ಲಿನಿಯೊ ಎದೆ ಉಬ್ಬಿಸಿದ.

"ಉಬ್ಬಬೇಡಿ ಮಾವ, ಆ ಹೆಸರು ಈ ಬೀದಿ ನಾಯಿಗೂ ಗೊತ್ತು," ಎಂದಳು ಯುದೆಲ್ಕ. "ಆದ್ರೂ ದೂರದ ಕಳ್ಳನಿಗೆ ಹೇಗೆ ಗೊತ್ತಾಯ್ತು? ಯಾವ್ದಾದ್ರೂ ಕೊಂಡಿ ಒತ್ತಿದ್ರಾ? ಉಡುಗೊರೆ, ಬಹುಮಾನ, ಆಟದ ರತ್ನ ಬಿಟ್ಟಿ ಅಂತ ಏನಾದ್ರೂ ಬಂದಿತ್ತಾ?"

"ನಾನು ಒತ್ತಿಲ್ಲ. ಬಿಟ್ಟಿ ಅಂದ್ರೆ ನಂಗೆ ಮೊದಲಿಂದ ಆಗಲ್ಲ," ಎಂದಳು ಒಲಿಂಪಿಯ.

ಪ್ಲಿನಿಯೊ ಸೂರಿನ ಫ್ಯಾನನ್ನು ಬಹಳ ಗಮನದಿಂದ ನೋಡುತ್ತಿದ್ದ. ಕರೆಂಟು ಇರಲಿಲ್ಲ, ಫ್ಯಾನು ತಿರುಗುತ್ತಲೂ ಇರಲಿಲ್ಲ.

"ಪ್ಲಿನಿಯೊ," ಎಂದಳು ಒಲಿಂಪಿಯ.

"ನಿನ್ನ ಹುಟ್ಟುಹಬ್ಬ ಬರ್ತಿತ್ತಲ್ಲ," ಎಂದ ಅವನು, ಫ್ಯಾನಿಗೇ ಹೇಳುವಂತೆ. "ನನ್ನ ಫೋನಿಗೆ ಒಂದು ಸಂದೇಶ ಬಂತು. ಏಳು ಕೋಟೆಯವರದ್ದೇ. ಮೇಲೆ ಆಟದಲ್ಲಿರೋ ಅದೇ ಡ್ರ್ಯಾಗನ್ ಚಿತ್ರ. ಹೆಸರು, ಪಾಸ್‌ವರ್ಡ್ ಬರೆದ್ರೆ ಒಂದು ಮೂಟೆ ರತ್ನ ಕೊಡ್ತೀವಿ ಅಂತ. ಕೋಟೆ ತುಂಬಾ ರತ್ನ ಆದ್ರೆ ನೀನು ಖುಷಿ ಪಡ್ತೀಯ ಅಂತ ಬರೆದೆ. ಪಾಸ್‌ವರ್ಡ್ ನನ್ನ ಹೆಸರೇ ಅಲ್ವಾ, ಅದನ್ನ ಬರೆಯೋಕೆ ನನಗೂ ಹಕ್ಕಿದೆ ಅಂದ್ಕೊಂಡೆ."

"ಒಂದು ಹೂವು ತಂದಿದ್ರೆ ಆಗ್ತಿರ್ಲಿಲ್ವಾ?" ಎಂದಳು ಒಲಿಂಪಿಯ. ಬೈಯಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ಯುದೆಲ್ಕ ಬಾಚಣಿಗೆ ಕೆಳಗಿಟ್ಟಳು. "ಮಾವ, ಚಿತ್ರ ಯಾರು ಬೇಕಾದ್ರೂ ಅಂಟಿಸ್ತಾರೆ. ಆ ಪುಟ ಆಟದವರದ್ದಲ್ಲ, ಕಳ್ಳ ಹೆಣೆದ ಬಲೆ. ಇನ್ನೊಂದು ಹೇಳಿ ಅಕ್ಕ, ಇದೇ ಪಾಸ್‌ವರ್ಡ್ ಬೇರೆ ಎಲ್ಲಾದ್ರೂ ಇಟ್ಟಿದೀರಾ?"

"ಎಲ್ಲಾ ಕಡೆ," ಎಂದಳು ಒಲಿಂಪಿಯ. "ಇಮೇಲಿಗೆ, ಎಂಪನಾಡ ಆರ್ಡರು ಬರೋ ಪುಟಕ್ಕೆ. ಎಷ್ಟು ಗಂಡಂದಿರ ಹೆಸರು ನೆನಪಿಟ್ಕೊಳ್ಳಲಿ?"

"ಹಾಗಾದ್ರೆ ಮೊದಲು ಇಮೇಲು. ಈಗಲೇ. ಅದು ಹೋದ್ರೆ ಮನೆ ಬೀಗದ ಕೈ ಗೊಂಚಲೇ ಹೋದಂಗೆ. ಎಲ್ಲಾ ಖಾತೆಯ ಹೊಸ ಪಾಸ್‌ವರ್ಡ್ ಅಲ್ಲಿಗೇ ಬರೋದು."

ಪುಣ್ಯಕ್ಕೆ ಇಮೇಲು ಇನ್ನೂ ಅವಳ ಕೈಯಲ್ಲೇ ಇತ್ತು. ಪಾಸ್‌ವರ್ಡ್ ಬದಲಾಯಿಸಿದರು, ಆರ್ಡರಿನ ಪುಟದ್ದನ್ನೂ. ಬೇರೆ ಯಾವ ಫೋನಿನಲ್ಲಿ ಆ ಇಮೇಲು ತೆರೆದಿದ್ದರೂ ಅಲ್ಲಿಂದ ಹೊರಗೆ ಹಾಕುವ ಗುಂಡಿಯನ್ನು ಯುದೆಲ್ಕ ತೋರಿಸಿದಳು. ಒಲಿಂಪಿಯ ಅದನ್ನು ಹೆಬ್ಬೆರಳಿನಲ್ಲಿ ತಿಗಣೆ ಹೊಸಕುವಂತೆ ಒತ್ತಿದಳು. ಆಟದ ಖಾತೆಗೆ ಮಾತ್ರ ಕಳ್ಳ ಆಗಲೇ ತನ್ನ ಇಮೇಲು ಸೇರಿಸಿಬಿಟ್ಟಿದ್ದ, ಅದು ಹೀಗೆ ಸಿಗುವಂತಿರಲಿಲ್ಲ.

"ಇಷ್ಟೊಂದು ರಂಪ ಯಾಕೆ ಅಂತ ನಂಗಿನ್ನೂ ಅರ್ಥ ಆಗಿಲ್ಲ," ಎಂದ ಪ್ಲಿನಿಯೊ. "ಕಳ್ಳ ಆಡ್ಲಿ ಬಿಡು ಸ್ವಲ್ಪ ದಿನ. ಬೇಜಾರಾದ್ರೆ ತಾನೇ ಬಿಟ್ಟು ಹೋಗ್ತಾನೆ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಬಂದ ಹೆಸರನ್ನು ನೋಡಿ ಒಲಿಂಪಿಯ ಕುರ್ಚಿಯಿಂದ ಎದ್ದೇಬಿಟ್ಟಳು. ನಿಡಿಯಾ. ಮಗಳ ಮದುವೆಯ ಆ ಕೇಕಿನ ಮೇಲೆ ಇದೇ ಮೊದಲ ಸಲ. ಎತ್ತಲು ಕೈ ಬರಲಿಲ್ಲ. ಯುದೆಲ್ಕಳೇ ಗುಂಡಿ ಒತ್ತಿ, ನಮಗೆಲ್ಲ ಕೇಳುವಂತೆ ಇಟ್ಟಳು.

"ಒಲಿಂಪಿಯ, ನೀನು ಸಾಯ್ತಿದೀಯಾ?" ಎಂದಿತು ಅತ್ತಲಿನ ದನಿ.

"ಇಲ್ವಲ್ಲ. ಯಾಕೆ?"

"ಮತ್ತೆ ಇದೇನು ಬರೆದಿದೀಯ? 'ಆತ್ಮೀಯ ಗೆಳತಿ, ತಾವು ಕ್ಷೇಮವೆಂದು ಭಾವಿಸುತ್ತೇನೆ. ತಾವಿಲ್ಲದೆ ನಾನು ಏನೂ ಅಲ್ಲ. ತಮ್ಮ ಫೋನಿಗೆ ಬಂದಿರುವ ಆರು ಅಂಕಿಯ ಸಂಖ್ಯೆಯನ್ನು ದಯಮಾಡಿ ಕಳುಹಿಸಿಕೊಡಿ.' ನೀನು 'ದಯಮಾಡಿ' ಅಂದಿದ್ದು ನಾನು ಹುಟ್ಟಿದ ಮೇಲೆ ಕೇಳೇ ಇಲ್ಲ. ನಮ್ಮಮ್ಮನಿಗೂ ನೀನು ಅಂದಿಲ್ಲ."

"ಸಂಖ್ಯೆ ಕಳಿಸಿದ್ರಾ?" ಎಂದು ಯುದೆಲ್ಕ ಫೋನಿನೊಳಕ್ಕೆ ನುಗ್ಗಿದಳು.

"ಬರೆದೆ. ಕಳಿಸೋ ಮುಂಚೆ ದನಿ ಕೇಳೋಣ ಅನ್ನಿಸ್ತು." ನಿಡಿಯಾಳ ದನಿ ಸಣ್ಣದಾಯಿತು. "ತಾವಿಲ್ಲದೆ ನಾನು ಏನೂ ಅಲ್ಲ ಅಂತ ಬರೆದಿದ್ಲಲ್ಲ. ಅದಕ್ಕೆ."

"ಅಳಿಸಿಬಿಡಿ," ಎಂದಳು ಯುದೆಲ್ಕ. "ಅದು ಬರೆದಿದ್ದು ಕಳ್ಳ. ಅಕ್ಕನ ಖಾತೆ ಒಳಗೆ ಕೂತು ಬರೀತಿದಾನೆ. ನಿಮ್ಮ ಖಾತೆ ಬಾಗಿಲಿಗೆ ಹೋಗಿ 'ಪಾಸ್‌ವರ್ಡ್ ಮರೆತಿದೆ' ಅಂತ ಒತ್ತಿದಾನೆ, ಅದಕ್ಕೇ ನಿಮಗೆ ಆ ಸಂಖ್ಯೆ ಬಂದಿರೋದು. ಕೊಟ್ಟಿದ್ರೆ ನಿಮ್ಮ ಕೋಟೆನೂ ಹೋಗ್ತಿತ್ತು. ಆಮೇಲೆ ನಿಮ್ಮ ಹೆಸರಲ್ಲಿ ಇನ್ನೊಬ್ಬರಿಗೆ ಬರೀತಿದ್ದ. ಮಾವ, ಕೇಳಿಸ್ತಾ? ಕಳ್ಳನಿಗೆ ಬೇಕಾಗಿದ್ದು ಆಟ ಅಲ್ಲ. ಅಕ್ಕನ ಮೇಲೆ ಜನ ಇಟ್ಟಿರೋ ನಂಬಿಕೆ."

ಪ್ಲಿನಿಯೊ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

ಆಮೇಲೆ ನಿಡಿಯಾ, "ಹಾಗಾದ್ರೆ ಅದನ್ನ ನೀನು ಬರೆದಿಲ್ಲ," ಎಂದಳು.

"ಇಲ್ಲ," ಎಂದಳು ಒಲಿಂಪಿಯ.

"ಸರಿ. ಇಡ್ತೀನಿ."

"ಇರು." ಒಲಿಂಪಿಯ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಂಗೆ ಅಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ. ಅವನು ಓದಿದ ಕಳ್ಳ. ಆದ್ರೆ ನಿಡಿಯಾ, ಆ ಕೇಕು ಒಣಗಿರ್ಲಿಲ್ಲ ಕಣೆ. ಮೇಲುಗಡೆ ಒಂಚೂರು, ಅಷ್ಟೇ."

"ಮೇಲುಗಡೆ ಒಂಚೂರು ಅಂದ್ರೆ?"

"ಒಂಚೂರು ಅಂದ್ರೆ ಒಂಚೂರು."

"ಬಾಗಿಲು ತೆಗೆದಿಟ್ಟು ಗಾಳಿಗೆ ಬಿಟ್ಟವಳು ನೀನು. ಮುಚ್ಚಿಡು ಅಂತ ನಾನು ಬಡ್ಕೊಂಡೆ."

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಇಷ್ಟು ವರ್ಷ ಕೂಡಿಟ್ಟಿದ್ದ ಜಗಳವನ್ನೆಲ್ಲ ಇಬ್ಬರೂ ಆ ಬೆಳಿಗ್ಗೆಯೇ ಆಡಿ ತೀರಿಸಿದರು. ಮಧ್ಯೆ ಒಮ್ಮೆ ಒಲಿಂಪಿಯ ಕಣ್ಣೊರೆಸಿಕೊಂಡಳು, ಮಧ್ಯೆ ಒಮ್ಮೆ "ಕತ್ತೆ" ಎಂದಳು. ಅತ್ತ ನಿಡಿಯಾ ನಗುವುದು ನಮಗೆ ಕೇಳಿಸಿತು. ಹೊಟ್ಟೆ ಹಸಿದ ಗಿರಾಕಿಗಳು ಬಾಗಿಲಲ್ಲಿ ನಿಂತು ಕೇಕಿನ ವಿಚಾರದಲ್ಲಿ ತಮ್ಮ ತೀರ್ಪು ಹೇಳತೊಡಗಿದರು. ಹೆಚ್ಚಿನವರು ನಿಡಿಯಾಳ ಕಡೆ.

ಯುದೆಲ್ಕ ಮಾತ್ರ ಕೆಲಸ ಬಿಡಲಿಲ್ಲ. ಆಟದ ಆಚೆ, ಫೋನು ಮಾಡಿ ಪಡೆಯವರಿಗೆಲ್ಲ ಸುದ್ದಿ ಮುಟ್ಟಿಸಿದಳು: ನಾಯಕಿಯ ಹೆಸರಿನಲ್ಲಿ ಮರ್ಯಾದೆಯ ಮಾತು ಬಂದರೆ ನಂಬಬೇಡಿ. ಬಹುತೇಕ ಎಲ್ಲರಿಗೂ ಆಗಲೇ ಸಂಶಯ ಬಂದಿತ್ತು. ಸಮುದ್ರದಾಚೆಯ ಪೊನ್ಸೆ ಊರಿನ ಒಬ್ಬ ದಂತವೈದ್ಯ ಮಾತ್ರ, ಕೊನೆಗೂ ನಾಯಕಿ ತನಗೆ ಗೌರವ ಕೊಟ್ಟಳು ಎಂಬ ಸಂತೋಷದಲ್ಲಿ ಸಂಖ್ಯೆ ಕಳಿಸಿಬಿಟ್ಟಿದ್ದ. ಅವನ ಕೋಟೆ ಹೋಯಿತು. ಪಾಪ, ಅವನಿಗೆ ಅದು ಸಿಗಲೇ ಇಲ್ಲ.

ಒಲಿಂಪಿಯಳದ್ದು ಸಿಕ್ಕಿತು. ಆಟದ ಒಳಗೇ ಇರುವ ಸಹಾಯ ಎಂಬ ಜಾಗದಿಂದ, ಯುದೆಲ್ಕಳ ಫೋನಿನಲ್ಲಿ, ಕಂಪನಿಗೆ ಬರೆದರು. ಯಾವಾಗ ಆಟ ಶುರು ಮಾಡಿದ್ದು, ಯಾವ ಫೋನಿನಲ್ಲಿ ಆಡುತ್ತಿದ್ದದ್ದು ಎಲ್ಲ ಹೇಳಿ, ರತ್ನ ಕೊಂಡಾಗ ಇಮೇಲಿಗೆ ಬಂದಿದ್ದ ರಸೀದಿಗಳನ್ನೂ ಕಳಿಸಿದರು. ಅವರು ಅದನ್ನು ಕೇಳಿ ಇದನ್ನು ಕೇಳಿ ಜೀವ ತಿಂದರು. ಹದಿನೈದು ದಿನದ ಮೇಲೆ ಬೀಗ ತೆರೆಯಿತು. ಒಳಗೆ ನೋಡಿದರೆ ಅವಳು ಸಾಕಿದ್ದ ಡ್ರ್ಯಾಗನ್ನುಗಳು ಮಾರಾಟವಾಗಿದ್ದವು, ಬಾಗಿಲಿಗೆ ಗುಲಾಬಿ ಬಣ್ಣ ಬಳಿದಿತ್ತು. ಒಲಿಂಪಿಯ ಡ್ರ್ಯಾಗನ್ನಿಗಿಂತ ಹೆಚ್ಚಾಗಿ ಬಣ್ಣಕ್ಕೆ ಶಾಪ ಹಾಕಿದಳು.

"ಈಗ ಎರಡು ಬೀಗ ಹಾಕೋಣ," ಎಂದಳು ಯುದೆಲ್ಕ. "ಎರಡು ಹಂತದ ಭದ್ರತೆ ಅಂತ ಸೆಟ್ಟಿಂಗ್‌ನಲ್ಲಿ ಇರುತ್ತೆ. ಪಾಸ್‌ವರ್ಡ್ ಒಂದು ಬೀಗ. ಆಮೇಲೆ ನಿಮ್ಮ ಫೋನಿಗೆ ಬರೋ ಸಂಖ್ಯೆ ಇನ್ನೊಂದು. ಯಾರಾದ್ರೂ ಒಂದನ್ನ ಕದ್ರೂ ಒಳಗೆ ಬರೋಕಾಗಲ್ಲ. ಪಾಸ್‌ವರ್ಡ್ ಉದ್ದ ಇರಲಿ. ಸಂಬಂಧ ಇಲ್ಲದ ನಾಲ್ಕು ಮಾತು ಸೇರಿಸಿ. ಒಂದೊಂದು ಖಾತೆಗೆ ಒಂದೊಂದು."

"ನನ್ನ ಹೆಸರು ಪೂರ್ತಿ ತೆಗೀತೀಯಾ?" ಎಂದ ಪ್ಲಿನಿಯೊ.

"ನಿನ್ನ ಹೆಸರು ಚರ್ಚಿನ ಮದುವೆ ಪುಸ್ತಕದಲ್ಲಿ ನನ್ನ ಪಕ್ಕದಲ್ಲಿದೆ. ಅಲ್ಲೇ ಇರಲಿ, ಸಾಕು," ಎಂದಳು ಒಲಿಂಪಿಯ. ಹೊಸ ಪಾಸ್‌ವರ್ಡ್ ಬರೆಯುವಾಗ ಅವನಿಗೆ ಬೆನ್ನು ಮಾಡಿ ಕೂತಳು. ಅವನು ತಾನಾಗಿಯೇ ಗೋಡೆಯ ಕಡೆ ತಿರುಗಿಕೊಂಡ.

ಅವನು ನಿಜಕ್ಕೂ ಬದಲಾದನೆಂದು ನನಗೆ ಗೊತ್ತಾದದ್ದು ಮುಂದಿನ ವಾರ. ಒಲಿಂಪಿಯ ಬಾಣಲೆಯ ಮುಂದೆ ಇದ್ದಳು, ಫೋನು ಅವನ ಹತ್ತಿರ ಇತ್ತು. ಯಾರೋ ಕರೆ ಮಾಡಿ, ತಾನು ಏಳು ಕೋಟೆ ಕಂಪನಿಯವನು, ಕಳೆದುಹೋದ ಡ್ರ್ಯಾಗನ್ನುಗಳನ್ನು ಮರಳಿ ಕೊಡುತ್ತೇನೆ, ಈಗ ಬಂದ ಸಂಖ್ಯೆಯನ್ನು ಹೇಳಿ ಎಂದ.

"ಡ್ರ್ಯಾಗನ್ ಕೊಡ್ತೀರಾ? ಪಾಪ, ಒಳ್ಳೇ ಜನ," ಎಂದ ಪ್ಲಿನಿಯೊ, ಡೊಮಿನೊ ಮೇಜಿನವರೆಲ್ಲ ಕೇಳುವಂತೆ. "ಆದ್ರೆ ನೋಡಪ್ಪ, ನಿಜವಾದ ಕಂಪನಿಯವರು ಸಂಖ್ಯೆ ಕೇಳಲ್ಲ. ಕೇಳೋನು ಕಳ್ಳ. ನಾನು ಬಸ್ಸಲ್ಲಿ ಟಿಕೆಟಿಲ್ಲದವರನ್ನ ತುಂಬಾ ಇಳಿಸಿದೀನಿ. ನೀನೂ ಇಳಿ."

ಮೇಜಿನವರು ಆಟ ನಿಲ್ಲಿಸಿ, ಅದೇನು ಎಂದು ಕೇಳಿದರು. ಅವನು ಕುರ್ಚಿ ಎಳೆದುಕೊಂಡು ಎಲ್ಲವನ್ನೂ ವಿವರಿಸಿದ. ತಾನು ಮೋಸ ಹೋದ ಭಾಗವನ್ನೂ ಬಿಡಲಿಲ್ಲ. ಆ ಮಧ್ಯಾಹ್ನವೇ ಇಬ್ಬರು ತಮ್ಮ ಪಾಸ್‌ವರ್ಡ್ ಬದಲಾಯಿಸಿಕೊಂಡರು. ಇಬ್ಬರದ್ದೂ ಹೆಂಡತಿಯರ ಹೆಸರೇ ಆಗಿತ್ತಂತೆ.

ಭಾನುವಾರ ಅಸುವಾದ ಬಸ್ಸಿನಿಂದ ನಿಡಿಯಾ ಇಳಿದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಫೋನಿನಲ್ಲಿ ಕೋಟೆ ಕಟ್ಟುತ್ತಿದ್ದಾರೆ, ಚೆಂಡು ಒದೆಯುತ್ತಿದ್ದಾರೆ, ತೋಟ ಬೆಳೆಸುತ್ತಿದ್ದಾರೆ. ಬರೀ ಆಟ ಎಂದು ನಗಬೇಡಿ. ಆ ಖಾತೆಯ ಹಿಂದೆ ಅವರ ಸ್ನೇಹಿತರಿದ್ದಾರೆ. ಬಿಟ್ಟಿ ರತ್ನ ಕೊಡುವ ಕೊಂಡಿಯನ್ನು ಯಾರೂ ಒತ್ತಬೇಡಿ, ಪಾಸ್‌ವರ್ಡನ್ನು ಗಂಡನಿಗೂ ಹೇಳಬೇಡಿ, ಹೆಂಡತಿಗೂ ಹೇಳಬೇಡಿ. ಫೋನಿಗೆ ಬಂದ ಸಂಖ್ಯೆಯನ್ನು ದೇವರಂಥವರು ಬಂದು ಕೇಳಿದರೂ ಕೊಡಬೇಡಿ. ಗೆಳೆಯರಿಂದ ವಿಚಿತ್ರವಾದ ಮಾತು ಬಂದರೆ ಉತ್ತರ ಬರೆಯುವ ಮೊದಲು ಒಂದು ಕರೆ ಮಾಡಿ, ದನಿ ಕೇಳಿ. ಎರಡನೆಯ ಬೀಗ ಹಾಕಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕು. ನಾಳೆ ಮಾಡೋಣ ಅನ್ನಬೇಡಿ. ಫೋನು ಹೇಗೂ ಕೈಯಲ್ಲೇ ಇದೆಯಲ್ಲ, ಈಗಲೇ ಸೆಟ್ಟಿಂಗ್ ತೆರೆಯಿರಿ.