ಹಸಿರು ಪೊಟ್ಟಣದ ತಾರೀಖು

ಲಿಚಿ ಹಣ್ಣು ಮುಗಿಯುತ್ತ ಬಂದ ಬೇಸಿಗೆ. ಊಟ ಮುಗಿಸಿ ಬೀದಿಯೆಲ್ಲ ತೂಕಡಿಸುವ ಹೊತ್ತು. ತೈನಾನ್ ಊರಿನಲ್ಲಿ ಧ್ವಜಗಳಿಗೆ ಕಸೂತಿ ಹಾಕುವ ಮುಯಾನ್‌ಳ ಅಂಗಡಿಯಲ್ಲಿ ಅವಳ ತಮ್ಮ ಜಿನ್‌ಶಾನ್ ಕಂಪ್ಯೂಟರಿನ ಮುಂದೆ ಕೂತಿದ್ದ. ಮದರ್‌ಬೋರ್ಡ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಅಕ್ಕನನ್ನು ನೋಡಲು ಬಂದಿದ್ದ.

ಕಸೂತಿ ಯಂತ್ರವನ್ನು ನಡೆಸುವುದು ಆ ಕಂಪ್ಯೂಟರೇ. ಸಿಂಹನೃತ್ಯದ ತಂಡದ ಧ್ವಜದ ಮೇಲೆ ಅರ್ಧ ಸಿಂಹ ಮೂಡಿತ್ತು. ತಂಡ ಗುರುವಾರ ಹೊರಡಬೇಕು.

"ನಡೀತಾ ಇರೋದನ್ನ ಯಾಕೋ ಕೆದಕ್ತೀಯ?"

"ಪದೇಪದೇ ನಿಂತು ಹೋಗ್ತಿದೆ ಅಂತ ಗೋಳಾಡಿದ್ದು ನೀನೇ ಅಲ್ವೇನಕ್ಕ? ಕಂಪ್ಯೂಟರ್ ಎದ್ದ ಕೂಡ್ಲೆ ತನಗೆ ಕೈಕಾಲು ಇದೆ ಅಂತ ನೆನಪು ಮಾಡ್ಕೊಳ್ಳೋ ಬುದ್ಧಿ ಒಂದಿರುತ್ತೆ, ಬಯೋಸ್ ಅಂತ. ಹಳೇದನ್ನ ಅಳಿಸಿ ಹೊಸದು ಬರೀತಿದೀನಿ. ನಡುವೆ ಕರೆಂಟ್ ಹೋದ್ರೆ ಹಳೇದೂ ಇಲ್ಲ, ಹೊಸದೂ ಇಲ್ಲ. ಮುಟ್ಬೇಡ. ಬಚ್ಚಲಿಗೆ ಹೋಗಿ ಬಂದೆ."

ಮುಯಾನ್ ಮುಟ್ಟಲಿಲ್ಲ, ನೋಡುತ್ತ ನಿಂತಳು. ಯಂತ್ರ ಹಟ ಮಾಡದೆ ಹೇಳಿದ ಮಾತು ಕೇಳಲಿ ಎಂದು ಆ ಊರಲ್ಲಿ ಎಲ್ಲರೂ ಇಡುವಂತೆ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಹಸಿರು ತಿಂಡಿಪೊಟ್ಟಣವಿತ್ತು. ಅದರ ತಾರೀಖು ಮುಗಿದಿತ್ತು! ತಾರೀಖು ಮೀರಿದ ಪೊಟ್ಟಣಕ್ಕೆ ಯಂತ್ರ ಮುನಿಯುತ್ತದೆಂದು ಯಾರಿಗೆ ಗೊತ್ತಿಲ್ಲ? ಅದೂ ಇಂಥ ಹೊತ್ತಿನಲ್ಲಿ. ಓಡಿಹೋಗಿ ಒಳಗಿಂದ ಹೊಸದನ್ನು ತಂದಳು. ಹಳೆಯದನ್ನು ಎತ್ತಹೋದರೆ ಅದು ಜಾರಿ ಹಿಂದೆ ಬಿತ್ತು. ಬಗ್ಗಿ ಕೈ ತೂರಿಸಿದಳು. ಪೊಟ್ಟಣವೇನೋ ಸಿಕ್ಕಿತು, ಆದರೆ ಕಂಪ್ಯೂಟರಿನ ಫ್ಯಾನಿನ ಸದ್ದು ನಿಂತುಹೋಯಿತು.

ಜಿನ್‌ಶಾನ್ ಬಂದು ಗುಂಡಿ ಒತ್ತಿದ. ಮತ್ತೆ ಒತ್ತಿದ. ಪರದೆ ಕಪ್ಪಗೆ ಕೂತಿತ್ತು.

"ಗುಡುಗಿ ಕರೆಂಟ್ ಹೋಯ್ತಾ?"

"ಇಲ್ವಲ್ಲ. ಪೊಟ್ಟಣ ಬದಲಾಯಿಸಿದೆ ಅಷ್ಟೆ."

ಅವನು ಹಿಂದೆ ಇಣುಕಿದ. ಪ್ಲಗ್ಗು ಸಡಿಲವಾಗಿ ಜೋತಾಡುತ್ತಿತ್ತು. ಬೈಯಲು ಬಾಯಿ ತೆರೆದವನು ಕೇಳಿದ: "ಎಷ್ಟು ಹಳೇದಾಗಿತ್ತು?"

"ಚಳಿಗಾಲದಲ್ಲೇ ಮುಗಿದಿತ್ತು ಕಣೋ."

"ಅಯ್ಯೋ, ಮೊದಲು ಅದನ್ನೇ ನೋಡ್ಬೇಕಿತ್ತು. ಕಾರ್ಖಾನೆಯಲ್ಲಿ ನಾನೇ ಬದಲಾಯಿಸ್ತಿದ್ದೆ."

ತಪ್ಪು ಪ್ಲಗ್ಗಿನದೋ ಪೊಟ್ಟಣದ್ದೋ ಇಬ್ಬರಿಗೂ ಬಗೆಹರಿಯಲಿಲ್ಲ.

"ನನ್ನ ಸಿಂಹ?"

"ಡಿಸ್ಕ್‌ನಲ್ಲಿ ಸುಖವಾಗಿ ಮಲಗಿದೆ. ಎಬ್ಬಿಸೋ ಬುದ್ಧಿನೇ ಸತ್ತಿದೆ."

ಜಿನ್‌ಶಾನ್ ಮದರ್‌ಬೋರ್ಡಿನಿಂದ ಉಗುರಿನಷ್ಟಗಲದ ಚಿಪ್ ಒಂದನ್ನು ಕಿತ್ತು, ಕಾರ್ಖಾನೆಯ ಹಳೆಯ ಜೊತೆಗಾರನ ಹತ್ತಿರ ಹೋಗಿ, ಅದಕ್ಕೆ ಮತ್ತೆ ಬಯೋಸ್ ಬರೆಸಿಕೊಂಡು ಮರುದಿನ ಸಂಜೆ ಬಂದ. ಕಂಪ್ಯೂಟರ್ ಎದ್ದಿತು. ಆದರೆ ಪರದೆಯ ಮೂಲೆಯಲ್ಲಿ ಎಷ್ಟೋ ವರ್ಷ ಹಿಂದಿನ ತಾರೀಖು.

ಮುಯಾನ್ ಕನ್ನಡಕ ಏರಿಸಿಕೊಂಡು ನೋಡಿದಳು. "ಇದರ ಲೆಕ್ಕದಲ್ಲಿ ಆ ಹಳೇ ಪೊಟ್ಟಣ ಇನ್ನೂ ತಯಾರೇ ಆಗಿಲ್ಲ. ಮತ್ಯಾಕೋ ಮುನಿಸ್ಕೊಂಡಿತು?"

"ಅದು ಮುನಿಸ್ಕೊಂಡಾಗ ತಾರೀಖು ಸರಿ ಇತ್ತಲ್ಲ..." ಎನ್ನುತ್ತ ತಾರೀಖು ಸರಿಮಾಡಿದ. "ಸುಮ್ನೆ ಹೊಸದನ್ನ ಇಡಕ್ಕ. ಪ್ಲಗ್ಗಿನ ಹತ್ರ ಮಾತ್ರ ಹೋಗ್ಬೇಡ."

ಸೂಜಿ ಓಡಿತು, ಸಿಂಹಕ್ಕೆ ಬಾಲ ಬಂತು. ಗುರುವಾರ ಬೆಳಿಗ್ಗೆ ತಂಡ ಧ್ವಜ ಹಿಡಿದು ಹೊರಟಿತು. ಹಳೆಯ ಪೊಟ್ಟಣವನ್ನು ಎಸೆಯಬಹುದೋ ಬಾರದೋ ಯಾರಿಗೂ ಗೊತ್ತಾಗದೆ, ಅದನ್ನು ಚೀಲಕ್ಕೆ ಹಾಕಿಕೊಂಡು ಶುಕ್ರವಾರ ಜಿನ್‌ಶಾನ್ ಹೊರಟ.