ದಾಸನಕೊಪ್ಪದ ಅಡ್ಡಿಯಿಲ್ಲ

ರಾಜ್ಯ ಒಂದಾಗಿ ಎರಡು ವರ್ಷ ಕಳೆದಿತ್ತು. ಊರ ದನ ಮೇಯುವ ಗಾಯರಾಣಗಳಲ್ಲಿ ಸಾಗುವಾನಿ ನೆಡಬೇಕೆಂದು ಸಚಿವ ಸಂಪುಟದ ಮುಂದಿಡಲು ಒಂದು ಟಿಪ್ಪಣಿ ತಯಾರಾಗುತ್ತಿತ್ತು. ಜನಾಭಿಪ್ರಾಯ ಕೇಳಲು ಬೆಂಗಳೂರಿನಿಂದ ಬಂದ ಅಧಿಕಾರಿ ನಂಜುಂಡಯ್ಯನವರನ್ನು, ಶಿರಸಿ ಕಚೇರಿಯ ಗುಮಾಸ್ತನಾದ ನಾನು ದಾಸನಕೊಪ್ಪಕ್ಕೆ ಕರೆದೊಯ್ದೆ.

ಅವರು ಚಾವಡಿಯಲ್ಲಿ ಆ ಟಿಪ್ಪಣಿಯ ಕರಡನ್ನು ಗಟ್ಟಿಯಾಗಿ ಓದಿ, "ಹೇಗಿದೆ?" ಎಂದರು.

"ಅಡ್ಡಿಯಿಲ್ರಿ," ಎಂದರು ಊರ ಹಿರಿಯ ಶಿವಪುತ್ರಪ್ಪ.

ನಂಜುಂಡಯ್ಯ ಕರಡಿನ ಕೊನೆಗೆ 'ಜನರದೇನೂ ಅಡ್ಡಿಯಿಲ್ಲ' ಎಂದು ಬರೆದು ಜೀಪಿನತ್ತ ನಡೆದುಬಿಟ್ಟರು. ನನಗೆ ಕಸಿವಿಸಿಯಾಯಿತು. ಖಾನಾವಳಿಯ ಸಾರಿಗೂ ಹೊಸ ಅಳಿಯನಿಗೂ ನಾವು ಅಡ್ಡಿಯಿಲ್ಲ ಎನ್ನುವವರೇ.

"ಗಾಯರಾಣ ಬಿಟ್ಟು ಕೊಡ್ತೀರೇನ್ರಿ?" ಎಂದು ಶಿವಪುತ್ರಪ್ಪನವರನ್ನು ಕೇಳಿದೆ.

"ಯಾಕ ಕೊಡೋಣು? ಸಾಹೇಬ್ರು ಓದಿದ್ದು ಅಡ್ಡಿಯಿಲ್ಲ ಅಂದೆ. ಛಲೋ ಓದಿದ್ರು."

ಜೀಪಿನಲ್ಲಿ ಕೂತರೂ ನನಗೆ ಕೂತಂತಾಗಲಿಲ್ಲ. ಕಡೆಗೆ ಬಾಯಿಬಿಟ್ಟೆ. "ಸಾಹೇಬ್ರ, ನಮ್ಮ ಕಡೆ ಅಡ್ಡಿಯಿಲ್ಲ ಅಂದ್ರ ಒಪ್ಪಿಗಿ ಅಲ್ರಿ. ಚೆನ್ನಾಗೈತಿ ಅಂತ, ಅಷ್ಟ. ಅವರು ಹೊಗಳಿದ್ದು ನಿಮ್ಮ ಓದನ್ನ. ಗಾಯರಾಣ ಕೊಡಂಗಿಲ್ಲಂತ."

ನಂಜುಂಡಯ್ಯ ಕರಡನ್ನು ತೆಗೆದು ಕೊನೆಯ ಸಾಲನ್ನು ನೋಡುತ್ತ ಕೂತರು. ಶಿರಸಿ ಹತ್ತಿರವಾಗುತ್ತಿತ್ತು.

"ತಿದ್ದತೀರೇನ್ರಿ?" ಎಂದೆ.

ಅವರು ಕರಡನ್ನು ಮಡಚಿ ಚೀಲಕ್ಕೆ ಹಾಕಿ ನಕ್ಕರು.

"ಅಡ್ಡಿಯಿಲ್ಲ," ಎಂದರು.

ಅದು ಬೆಂಗಳೂರಿನದೋ ದಾಸನಕೊಪ್ಪದ್ದೋ ನನಗೆ ತಿಳಿಯಲಿಲ್ಲ. ಪೆನ್ನು ಮಾತ್ರ ಅವರ ಜೇಬಿನಿಂದ ಹೊರಗೆ ಬರಲಿಲ್ಲ.